ಕಾಕಾನ ಗಂಟು, ಕಾಕುವಿನ ಎಂಜಲು

ಕಾಕಾನ ಕತ್ತಿನಲ್ಲಿ ಗಂಟು ಕಂಡದ್ದು ಜೂನ್ ತಿಂಗಳ ಎರಡನೆಯ ಸೋಮವಾರ. ಡೈರಿಯಲ್ಲಿ ಬರೆದಿದ್ದೇನೆ: ‘ಎಡಗಡೆ. ಶೇಂಗಾ ಕಾಳಿನಷ್ಟು. ನೋವಿಲ್ಲ.’ ಮೂರನೆಯ ವಾರಕ್ಕೆ ಅದು ಅಡಿಕೆಯಾಯಿತು, ಆರನೆಯ ವಾರಕ್ಕೆ ನಿಂಬೆಹಣ್ಣು. ಅಷ್ಟರಲ್ಲಿ ಗಂಗಾವತಿಯ ಮನೆಗೆ ಬಂದು ಔಷಧ ಹೇಳಿದವರು ಹತ್ತೊಂಬತ್ತು ಮಂದಿ. ಸುಣ್ಣ ಹಚ್ಚಿ ಎಂದವರು ಏಳು, ಅರಿಶಿನ ಎಂದವರು ಐದು, ಎರಡನ್ನೂ ಕಲಸಿ ಎಂದವರು ಆರು. ಉಳಿದ ಒಬ್ಬರು ಮಿಲ್ಲಿನಲ್ಲಿ ಕಾಕಾನ ಜೊತೆ ಅಕ್ಕಿ ತೂಗುವ ಚಾಚಾ. “ಗ್ವಾಡಿ ಐತೇನ್ರಿ ಸುಣ್ಣ ಹಚ್ಚಾಕ? ಡಾಕ್ಟರಿಗೆ ತೋರಸ್ರಿ,” ಎಂದರು.

ನಾನು ಚಿಕ್ಕಪ್ಪ-ಚಿಕ್ಕಮ್ಮನ ಆ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತೇನೆ. ಮನೆಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಕಪ್ ಚಹಾ, ಕಾಕಾ ಮತ್ತು ಅವರ ಹೆಂಡತಿ ಕಾಕು ಇಬ್ಬರ ನಡುವೆ. ಕಾಕಾನಿಗೆ ಶುಗರ್ ಇರುವುದರಿಂದ ಕಾಕು ಮೊದಲ ಗುಟುಕು ತಾವೇ ಕುಡಿದು ಸಿಹಿ ನೋಡುತ್ತಾರೆ. ಸಕ್ಕರೆ ಹಾಕುವವರೂ ಅವರೇ, ತಪಾಸಣೆ ಮಾಡುವವರೂ ಅವರೇ. ಆಮೇಲೆ ಕಪ್ಪಿನಡಿಯ ಬಸಿಗೆ ಅರ್ಧ ಸುರಿದುಕೊಂಡು ಕಪ್ಪನ್ನು ಕಾಕಾನಿಗೆ ಕೊಡುತ್ತಾರೆ.

ಕೊನೆಗೆ ಚಾಚಾನ ಮಾತೇ ನಡೆದು ಗಂಟಿನ ಚೂರು ಪರೀಕ್ಷೆಗೆ ಹೋಯಿತು. ಕೊಪ್ಪಳದ ಡಾಕ್ಟರಮ್ಮ ರಿಪೋರ್ಟ್ ಓದಿ, ಇದು ದುಗ್ಧರಸ ಗ್ರಂಥಿಯ ಕ್ಯಾನ್ಸರ್, ಲಿಂಫೋಮಾ, ಔಷಧಿಗೆ ಬಗ್ಗುವ ಜಾತಿಯದು, ಇಂಜೆಕ್ಷನ್ ಶುರು ಮಾಡೋಣ ಎಂದರು. “ಗಂಟಿನಾಗ ಒಂದು ವೈರಸ್ಸೂ ಸಿಕ್ಕೈತ್ರಿ. ಎಂಜಲದಿಂದ ಬರೋದು ಅದು,” ಎನ್ನುವಷ್ಟರಲ್ಲಿ ಯಾರೋ ಕರೆದರು, ಅವರು ಎದ್ದು ಹೋದರು. ಕಾಕು ‘ಎಂಜಲ’ ಎಂಬ ಆ ಒಂದೇ ಶಬ್ದವನ್ನು ಕಟ್ಟಿಕೊಂಡು ಮನೆಗೆ ಬಂದರು.

ಮರುದಿನದ ಡೈರಿ: ‘ಕಪ್ಪು ಎರಡು. ಬಸಿ ಇಲ್ಲ.’

“ಮೂವತ್ತು ವರ್ಷ ನಿನ್ನ ಎಂಜಲ ಕುಡದೀನಿ, ಒಂದು ದಿನಾ ಮಾರಿ ಕಿವಚಿಲ್ಲ. ಈಗ ನನಗ ಬ್ಯಾರೆ ಕಪ್ಪೇನು?” ಎಂದರು ಕಾಕಾ. ಕಾಕು ಎರಡನೆಯ ಕಪ್ಪನ್ನು ಅವರ ಮುಂದೆ ಸರಿಸಿದರು. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೆರಡನೆಯ ದಿನ, “ಮನ್ಯಾಗ ಹೇಸಿಗಿ ಆದವಗ ಇಂಜೆಕ್ಷನ್ ಯಾಕ? ನಾ ಒಲ್ಲೆ,” ಎಂದು ಕಾಕಾ ಹಟ ಹಿಡಿದರು. ಗಂಟಿಗೆ ಈ ಜಗಳ ತಿಳಿಯದು, ಅದು ತನ್ನ ಪಾಡಿಗೆ ಬೆಳೆಯುತ್ತಿತ್ತು.

ನಾನು ಒಂದು ಪುಟ ಗೆರೆ ಹಾಕಿ, ನಮ್ಮ ಮನೆಯಲ್ಲಿ ಯಾರು ಯಾರ ಎಂಜಲು ತಿಂದಿದ್ದಾರೆ ಎಂದು ಪಟ್ಟಿ ಮಾಡಿದೆ. ಯಾರೊಬ್ಬರೂ ಶುದ್ಧರಿರಲಿಲ್ಲ. ರಿಪೋರ್ಟ್ ವಾಪಸ್ ತರಲಿಕ್ಕಿದೆ ಎಂದು ಸುಳ್ಳು ಹೇಳಿ ಇಬ್ಬರನ್ನೂ ಕೊಪ್ಪಳಕ್ಕೆ ಕರೆದೊಯ್ದು, ಡಾಕ್ಟರಮ್ಮನ ಮುಂದೆ ಆ ಪುಟ ಇಟ್ಟೆ.

ಅವರು ಪೂರ್ತಿ ಓದಿ ನಕ್ಕರು. “ಇದರಾಗ ನನ್ನ ಹೆಸರೂ ಬರೀಬೇಕಿತ್ತು. ಈ ವೈರಸ್ ಹೆಚ್ಚು ಕಡಿಮಿ ಎಲ್ಲಾರ ಮೈಯಾಗೂ ಇರತೈತಿ. ಸಣ್ಣವರಿದ್ದಾಗ ಬಂದು ಸುಮ್ಮನ ಕುಂತಿರತೈತಿ. ಎಲ್ಲೋ ಕೆಲವರಿಗೆ ಬಿಳಿ ರಕ್ತಕಣದ ಬುದ್ಧಿ ಕೆಡಸತೈತಿ. ಅವರಿಗೇ ಯಾಕ ಅಂತ ನಮಗೂ ಪೂರಾ ತಿಳಿದಿಲ್ಲ. ಕ್ಯಾನ್ಸರ್ ಅಂತೂ ಎಂಜಲದಿಂದ ಹತ್ತಂಗಿಲ್ಲ.”

ಆಗ ಕಾಕು ಮೊದಲ ಸಲ ಬಾಯಿ ತೆರೆದರು. “ಹಂಗಾರ ನಾ ಮೊದಲ ಗುಟುಕು ಕುಡದದ್ದಕ್ಕ ಅವರಿಗೆ ಇದು ಬಂದಿಲ್ಲರಿ?”

ಹನ್ನೊಂದು ದಿನ ಅವರು ಕಾಕಾನಿಂದ ತಮ್ಮನ್ನಲ್ಲ, ತಮ್ಮಿಂದ ಕಾಕಾನನ್ನು ಕಾಯುತ್ತಿದ್ದರು. ನನ್ನ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಕಾಕಾ ಅವರ ಕಡೆ ತಿರುಗಿದರು. “ಹುಚ್ಚಿ, ನಮ್ಮವ್ವ ಶೇಂಗಾ ಅಗದು ನನ್ನ ಬಾಯಾಗ ಇಡತಿದ್ಲು. ನಿನ್ನ ಪಾಳಿ ಬರೋ ಹೊತ್ತಿಗೆ ಎಲ್ಲಾ ಮುಗದಿತ್ತು.”

“ಆದರ ಆರು ಇಂಜೆಕ್ಷನ್ ಮುಗಿಯೋತನಕ ಬ್ಯಾರೆ ಕಪ್ಪೇ ಇರ್ಲಿ. ಆವಾಗ ಅವರ ಮೈಯಾಗ ತಾಕತ್ತು ಕಡಿಮಿ ಇರತೈತಿ, ಯಾವ ಸೋಂಕೂ ಲಗೂ ಹತ್ತತೈತಿ,” ಎಂದರು ಡಾಕ್ಟರಮ್ಮ.

“ಆರಾ?” ಎಂದ ಕಾಕಾ, ನನ್ನ ಕಡೆ ತಿರುಗಿ, “ಬರಕೋ,” ಎಂದರು.

ನಿನ್ನೆಗೆ ನಾಲ್ಕಾಯಿತು. ಗಂಟು ಮತ್ತೆ ಶೇಂಗಾ ಕಾಳಿಗೆ ಇಳಿದಿದೆ. ಆರೂ ಮುಗಿಯಲಿ ಎಂದು ಬಸಿಯನ್ನು ಕಾಕು ತೊಳೆದು ಗೋಡೆಯ ಮಾಡದಲ್ಲಿ ಬೋರಲು ಹಾಕಿದ್ದಾರೆ. ಅದನ್ನು ತೆಗೆದು ನಾನು ಮಿರ್ಚಿ ಭಜಿ ಇಟ್ಟುಕೊಂಡೆ. ಬೈಸಿಕೊಂಡದ್ದು: ಎರಡು ಸಲ, ಇಬ್ಬರಿಂದಲೂ.