ಬಟ್ಟೆಯ ಮೇಲೆ ಹೊಲಿದ ಹೆಸರು

೨೦೦೩ರ ಮೇ ತಿಂಗಳು. ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅದಕ್ಕೂ ಮೊದಲೇ ಅವರಿಗೆ ಐವತ್ತೆಂಟು ತುಂಬುತ್ತಿತ್ತು. ಅಪ್ಪನ ಹುಟ್ಟುಹಬ್ಬವನ್ನು ನಾವು ಯಾವತ್ತೂ ಮಾಡಿದ್ದಿಲ್ಲ. ಈ ಸಲ ಮಾಡಲೇಬೇಕೆಂದು ನಾನೂ ತಮ್ಮನೂ ಹಟ ಹಿಡಿದೆವು. ಅಪ್ಪ, "ಎಂತಕ್ಕೆ ಅದೆಲ್ಲ? ಸುಮ್ನಿರಿ" ಅಂದರು. ನಾಚಿಕೆ ಇರಬೇಕು ಅಂದುಕೊಂಡೆವು.

ನನಗೆ ಆಗ ಹೊಲಿಗೆಯ ಹುಚ್ಚು. ಒಂದು ತಿಂಗಳು ಕೂತು ಮ್ಯಾಟಿ ಬಟ್ಟೆಯ ಮೇಲೆ ನೀಲಿ ದಾರದಲ್ಲಿ ಅಪ್ಪನ ಹೆಸರು ವಿಠೋಬ ಎಂದು ಹೊಲಿದು, ಕೆಳಗೆ ಹುಟ್ಟಿದ ತಾರೀಕನ್ನೂ ಹಾಕಿದೆ. ತಾರೀಕನ್ನು ಅವರ ಶಾಲೆಯ ದಾಖಲೆ ನೋಡಿ ಬರೆದುಕೊಂಡಿದ್ದೆ. ಫ್ರೇಮು ಹಾಕಿಸಲು ಪುರುಸೊತ್ತಾಗಲಿಲ್ಲ.

ಆ ದಿನ ಸಂಜೆ ಹಬ್ಬುವಾಡದ ನಮ್ಮ ಬಾಡಿಗೆ ಮನೆಗೆ ಅಪ್ಪನ ಕಚೇರಿಯವರು ಏಳೆಂಟು ಮಂದಿ ಬಂದರು. ಅಮ್ಮ ಬನ್ಸು, ಶಿರಾ ಮಾಡಿದ್ದಳು. ಬೇಕರಿಯ ಕೇಕೂ ಇತ್ತು. ಅಪ್ಪನ ಅಕ್ಕ, ಮಂಜಗುಣಿಯ ಅತ್ತೆ, ತಾನೇ ಕಟ್ಟಿದ ಅಬ್ಬಲಿಗೆ ಮಾಲೆ ಹಿಡಿದು ಬಸ್ಸಿನಲ್ಲಿ ಬಂದಿದ್ದಳು. ಅವಳು ಅಪ್ಪನನ್ನು ಕರೆಯುತ್ತಿದ್ದದ್ದು ಪಾಂಡು ಎಂದೇ. ವಿಠೋಬ ಅಂದರೂ ಪಾಂಡುರಂಗ ಅಂದರೂ ಒಂದೇ ದೇವರಲ್ಲವೇ, ಅದು ಮನೆಯ ಮುದ್ದಿನ ಹೆಸರು ಎಂದೇ ನಾವು ತಿಳಿದಿದ್ದೆವು.

ಕೇಕು ಕತ್ತರಿಸಿದ ಮೇಲೆ ನಾನು ಬಟ್ಟೆ ಬಿಡಿಸಿ ಎಲ್ಲರಿಗೂ ತೋರಿಸಿದೆ. ಚಪ್ಪಾಳೆಯಾಯಿತು. ಅತ್ತೆ ಹತ್ತಿರ ಬಂದು ಒಂದೊಂದೇ ಅಕ್ಷರ ಓದಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಇದು ಇವನ ಹೆಸರಲ್ಲ ಮಗಾ. ಇದು ನಮ್ಮ ವಿಠೂಂದು."

ಅಪ್ಪ ತಲೆ ತಗ್ಗಿಸಿದರು. ಅತ್ತೆಯೇ ಹೇಳಿದಳು. ಅಪ್ಪನಿಗಿಂತ ಎರಡು ವರ್ಷ ದೊಡ್ಡವನೊಬ್ಬ ಅಣ್ಣನಿದ್ದ, ವಿಠೋಬ. ಶಾಲೆಗೆ ಸೇರಿದ ವರ್ಷವೇ ಜ್ವರ ಬಂದು ತೀರಿಕೊಂಡ. ಅಜ್ಜನಿಗೆ ಶಾಲೆಗೆ ಹೋಗಿ ಮಗನ ಹೆಸರು ತೆಗೆಸುವ ಧೈರ್ಯ ಬರಲಿಲ್ಲ. ಮುಂದಿನ ವರ್ಷ ಪಾಂಡುರಂಗನನ್ನು ಕರೆದೊಯ್ದು ಅದೇ ಹೆಸರಿಗೆ ಕೂರಿಸಿ ಬಂದ. ಹೆಸರು, ತಾರೀಕು ಎರಡೂ ಅಣ್ಣನದೇ ಉಳಿದವು.

ಅಮ್ಮನಿಗೂ ಇದು ಗೊತ್ತಿರಲಿಲ್ಲ.

ಕಚೇರಿಯವರೊಬ್ಬರು, "ಹಾಗಾದ್ರೆ ನಿಮ್ಗೆ ಇನ್ನೂ ಎರಡು ವರ್ಷ ಸರ್ವೀಸು ಇತ್ತಲ್ರೀ!" ಅಂದರು.

"ಅವನ ಹೆಸರಲ್ಲಿ ಮೂವತ್ತೈದು ವರ್ಷ ಮಾಡಿದೆ. ಸಾಕು" ಅಂದರು ಅಪ್ಪ.

ನನಗೆ ಮುಖವೆತ್ತಲಾಗಲಿಲ್ಲ. ಅಷ್ಟು ಜನರೆದುರು ಅವರು ಇಡೀ ಜನ್ಮ ಮುಚ್ಚಿಟ್ಟದ್ದನ್ನು ನಾನೇ ಬಯಲು ಮಾಡಿದಂತಾಗಿತ್ತು. "ಬಿಚ್ಚಿ ಬೇರೆ ಹೊಲೀತೇನೆ ಅಪ್ಪಾ" ಅಂದೆ.

ಅಪ್ಪ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಬಿಚ್ಬೇಡ. ಅವಂಗೆ ಯಾರು ಹುಟ್ಟಿದ ದಿನ ಮಾಡಿದ್ರು? ಇವತ್ತು ಅವಂದೇ. ಆಗ್ಲಿ ಬಿಡು."

ಮತ್ತೆ ಒಂದು ತುಂಡು ಕೇಕನ್ನು ತಟ್ಟೆಗೆ ಹಾಕಿ ಬದಿಗಿಟ್ಟರು. ಬಂದವರು ಹೋದ ಮೇಲೆ ಅತ್ತೆ, ಅಪ್ಪ ಇಬ್ಬರೂ ಕೂತು ವಿಠೂನ ಸುದ್ದಿ ಹೇಳಿದರು. ಅವನಿಗೆ ಆ ವಯಸ್ಸಿಗೇ ಈಜು ಬರುತ್ತಿತ್ತಂತೆ. ತಮ್ಮನನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದನಂತೆ. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಪ್ಪ ಈಗಿಲ್ಲ. ಯಾವುದಾದರೂ ಅರ್ಜಿಯಲ್ಲಿ ತಂದೆಯ ಹೆಸರು ತುಂಬುವಾಗ ಇಂದಿಗೂ ನನ್ನ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಬರೆಯುವುದು ನಾನು ಕಾಣದ ದೊಡ್ಡಪ್ಪನ ಹೆಸರನ್ನು. ಆದರೂ ತಪ್ಪು ಬರೆದೆನೆಂದು ಒಂದು ದಿನವೂ ಅನ್ನಿಸಿಲ್ಲ.