ಷಡ್ಡಕನ ಗಟ್ಟಿ ಗುಂಡುಗಳು

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ದುಡ್ಡಿದ್ದವರ ಊರಾದ ಬೆಲ್ವ್ಯೂದಲ್ಲಿ ಇಪ್ಪತ್ತನೆಯ ಮಹಡಿಯಲ್ಲಿರುತ್ತಾನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ನಾನು ಅಲ್ಲಿಂದ ಅರ್ಧ ಗಂಟೆ ದೂರದ, ಕಾರ್ಖಾನೆಗಳ ರೆಂಟನ್‌ನಲ್ಲಿ, ವಿಮಾನದ ಬಿಡಿಭಾಗಗಳ ಲೋಹ ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೊದಲಿನಿಂದಲೂ ನಮಗಿಬ್ಬರಿಗೂ ಆಗಿಬಂದಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ಶೂ ಬಿಚ್ಚುತ್ತಲೇ, "ಈ ಕಡೆ ಹೇಗೆ ಇರ್ತೀರೋ ಭಾವ, ನಂಗಂತೂ ಆಗಲ್ಲ" ಎನ್ನುತ್ತಿದ್ದ. ಅವನು ಬಾಯಿತುಂಬ ಭಾವ ಅಂದರೂ ಅದರಲ್ಲಿ ಮರ್ಯಾದೆ ಇರುತ್ತಿರಲಿಲ್ಲ.

ಇಂಥವನು ಪ್ರತಿ ಶನಿವಾರ ನನ್ನ ಗ್ಯಾರೇಜಿಗೆ ಬರುವಂತಾಯಿತು. ರಿವಾಲ್ವರ್‌ಗೆ ಸೀಸದ ಗುಂಡು ಎರಕ ಹೊಯ್ಯುವ ಹವ್ಯಾಸ ನನಗಿದೆ. ಬಾಗಿಲು ತೆರೆದಿಟ್ಟು ಸೀಸ ಕರಗಿಸಿ, ಮೇಲೆ ಕಟ್ಟುವ ಕಿಟ್ಟ ತೆಗೆದು, ಅಚ್ಚಿಗೆ ಹೊಯ್ದು, ತಟ್ಟಿ ಬೀಳಿಸುತ್ತಿದ್ದರೆ ತಲೆಯಲ್ಲಿ ಬೇರೇನೂ ಇರುವುದಿಲ್ಲ. ಆವರೆಗೆ ನಾನು ಹೊಡೆದದ್ದು ಕಾಗದದ ಗುರಿಗೆ ಮಾತ್ರ. ಷಡ್ಡಕ ದೊಡ್ಡದೊಂದು ರಿವಾಲ್ವರ್ ಕೊಂಡು, ಟೆಕ್ಸಾಸ್‌ನಲ್ಲಿ ಹೊಲ ಹಾಳುಮಾಡುವ ಕಾಡುಹಂದಿಗಳನ್ನು ಹೊಡೆಯಲು ಒಂದು ರ‍್ಯಾಂಚ್ ಬುಕ್ ಮಾಡಿದ. ಸ್ವಂತ ಎರಕದ ಗುಂಡಿನಿಂದಲೇ ಹೊಡೆಯಬೇಕೆಂಬ ಹಟ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಸೀಸ ಕರಗಿಸುವಂತಿಲ್ಲ, ಅದಕ್ಕೆ ನನ್ನ ಗ್ಯಾರೇಜು ಬೇಕು, ಬೇಟೆಗೆ ನನ್ನ ಜೊತೆಯೂ ಬೇಕು. "ಹೋಗ್ಲಿ ಬಿಡ್ರಿ, ಜೋಡಿಲೆ ಹೋಗಿಬರ್ರಿ. ಒಂದೀಟು ಮಾತು ಬೆಳೀತದ" ಎಂದು ನನ್ನ ಹೆಂಡತಿ ಒಪ್ಪಿಸಿದಳು.

ಜಗಳ ಶುರುವಾದದ್ದು ಲೋಹದ ಬೆರಕೆಯ ಮೇಲೆ. ಬರೀ ಸೀಸ ತೀರ ಮೆತ್ತಗೆ, ನಳಿಗೆಯ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. ಸ್ವಲ್ಪ ತವರ ಬೆರೆಸಿದರೆ ಅಚ್ಚಿನ ಮೂಲೆಗಳು ತುಂಬುತ್ತವೆ. ಆಂಟಿಮನಿ ಬೆರೆಸಿದರೆ ಗಟ್ಟಿಯಾಗುತ್ತದೆ. ಅದೇ ಹೆಚ್ಚಾದರೆ ಗಾಜಿನ ಹಾಗೆ ಪೆಡಸಾಗುತ್ತದೆ. ಹಂದಿಯ ಭುಜದ ಚರ್ಮ ದಪ್ಪ, ಅದರ ಕೆಳಗಿನ ಎಲುಬು ಇನ್ನೂ ದಪ್ಪ. ಅದನ್ನು ದಾಟಿ ಎದೆಗೆ ಇಳಿಯಬೇಕಾದ ಗುಂಡು ಬೇಕಾದರೆ ಬಾಗಲಿ, ಒಡೆಯಬಾರದು. ನಾನು ಹಳೆಯ ಕಾರುಗಳ ಚಕ್ರಕ್ಕೆ ತೂಕ ಸರಿದೂಗಿಸಲು ಹಚ್ಚುತ್ತಿದ್ದ ಸೀಸದ ತುಂಡುಗಳಿಗೆ ಚೂರು ತವರ ಸೇರಿಸಿದ್ದೆ. ಅವನು ಹಳೆಯ ಪ್ರೆಸ್ಸುಗಳ ಅಚ್ಚುಮೊಳೆ ಕರಗಿಸಿ ಮಾಡಿದ, ಆಂಟಿಮನಿ ಹೆಚ್ಚಿರುವ ಗಟ್ಟಿಗಳನ್ನು ತರಿಸಿಕೊಂಡ.

ಆ ಲೋಹ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮಪ್ಪ ಗದಗಿನ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುತ್ತಿದ್ದರು. ಮೊಳೆ ಕೈಜಾರಿ ಕಲ್ಲುಹಾಸಿಗೆ ಬಿದ್ದರೆ ಒತ್ತಕ್ಷರದ ಬಾಲ ಮುರಿದೇ ಹೋಗುತ್ತಿತ್ತು. ಅಪ್ಪ ಬೈಸಿಕೊಂಡು ಮನೆಗೆ ಬರುತ್ತಿದ್ದರು.

"ಇದು ಭಾಳ ಪೆಡಸು ಅದ ರೀ. ಎಲುಬಿಗೆ ಬಡಿದ್ರ ಒಡೀತದ" ಎಂದೆ.

"ಹಾರ್ಡ್‌ನೆಸ್ ನಂಬರ್ ನೋಡಿ ಭಾವ. ನಿಮ್ಮದರ ಡಬಲ್ ಹಾರ್ಡ್ ಇದೆ. ಗಟ್ಟಿ ಇದ್ರೆ ಒಳಗೆ ಹೋಗುತ್ತೆ, ಸಿಂಪಲ್."

"ಗಟ್ಟಿ ಇರೋದು ಬ್ಯಾರೆ, ತಾಳೋದು ಬ್ಯಾರೆ."

ಅವನು ಫೋನು ಬದಿಗಿಟ್ಟು ತನ್ನ ಗಟ್ಟಿಗಳನ್ನೇ ಕರಗಿಸಿ ಹೊಯ್ದ.

ಮರುವಾರ ನಾನೊಬ್ಬನೇ ಬೆಟ್ಟಸಾಲಿನ ಆಚೆ ಇರುವ ಸಹೋದ್ಯೋಗಿಯೊಬ್ಬರ ಜಮೀನಿಗೆ ಹೋದೆ. ಮಾಂಸದ ಬದಲಿಗೆ ಒದ್ದೆ ಮಾಡಿದ ಪತ್ರಿಕೆಗಳ ಕಟ್ಟು ಇಟ್ಟು, ಅದರ ನಡುವೆ ದನದ ಕಾಲೆಲುಬು ಇಟ್ಟು ಎರಡೂ ಬಗೆಯ ಗುಂಡು ಹೊಡೆದೆ. ನನ್ನದು ಎಲುಬು ಮುರಿದು, ಮೂತಿ ಚಪ್ಪಟೆಯಾಗಿ, ಕಟ್ಟಿನ ಕೊನೆಯವರೆಗೂ ಹೋಗಿತ್ತು. ಅವನದು ಎಲುಬಿನ ಹತ್ತಿರವೇ ಮೂರು ಚೂರಾಗಿತ್ತು. ಆ ಮೂರನ್ನೂ ಜೇಬಿಗೆ ಹಾಕಿಕೊಂಡೆ.

ಭಾನುವಾರ ಅವರ ಮನೆಯಲ್ಲಿ ಊಟ, ಅವನ ಆಫೀಸಿನ ನಾಲ್ಕೈದು ಜನ ಇದ್ದರು. ನಾನು ಅವನನ್ನು ಬದಿಗೆ ಕರೆದು ಗುಂಡಿನ ಮಾತು ತೆಗೆದೆ. ಅವನು ಎಲ್ಲರಿಗೂ ಕೇಳುವಂತೆ ನಕ್ಕ. "ನಮ್ ಭಾವ ಮೆಟಲ್ ಎಕ್ಸ್‌ಪರ್ಟ್. ಇವರ ತಂದೆ ಪ್ರೆಸ್ಸಲ್ಲಿ ಮೊಳೆ ಜೋಡಿಸ್ತಾ ಇದ್ರಲ್ಲ, ಫ್ಯಾಮಿಲಿ ನಾಲೆಡ್ಜ್" ಎಂದ. ಅವರೂ ನಕ್ಕರು. ನನ್ನ ಕೈ ಜೇಬಿನಲ್ಲಿತ್ತು, ಚೂರುಗಳು ಬೆರಳಿಗೆ ತಾಗುತ್ತಿದ್ದವು. ಹೊರಗೆ ತೆಗೆಯಲಿಲ್ಲ. ಹೋಗಲಿ, ಟೆಕ್ಸಾಸ್‌ನಲ್ಲೇ ಇವನಿಗೆ ಮುಖಭಂಗವಾಗಲಿ ಎಂದುಕೊಂಡೆ. ಹಂದಿಯ ನೆನಪು ನನಗಾಗ ಬರಲಿಲ್ಲ.

ರ‍್ಯಾಂಚಿನಲ್ಲಿ ಮೊದಲ ದಿನ ಬೆಳಗ್ಗೆಯೇ ಹಂದಿಗಳು ಬಂದವು. ನಮ್ಮ ಜೊತೆ ಅಲ್ಲಿನ ಯಜಮಾನ, ಒಬ್ಬ ಮುದುಕ, ಕೂತಿದ್ದ. ಹಂದಿಗಳಿಗೂ ನಮಗೂ ನಡುವೆ ಮೂವತ್ತು ಹೆಜ್ಜೆಯೂ ಇರಲಿಲ್ಲ. ಷಡ್ಡಕ ಸರಿಯಾಗಿ ಭುಜಕ್ಕೇ ಹೊಡೆದ, ಗುರಿಯಲ್ಲಿ ತಪ್ಪಿರಲಿಲ್ಲ. ಹಂದಿ ಮುಗ್ಗರಿಸಿ ಬಿತ್ತು, ಎದ್ದಿತು, ಮೂರು ಕಾಲಿನಲ್ಲಿ ಮುಳ್ಳುಪೊದೆಗೆ ನುಗ್ಗಿತು.

ಒಂದು ಗಂಟೆಗೂ ಹೆಚ್ಚು ಹೊತ್ತು ರಕ್ತದ ಗುರುತು ಹಿಡಿದು ನಡೆದೆವು. ನಡುನಡುವೆ ಅದರ ಕೂಗು ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಇನ್ನಷ್ಟು ದೂರದಿಂದ ಕೇಳುತ್ತಿತ್ತು. ಕೊನೆಗೆ ಒಣಗಿದ ಹಳ್ಳದಲ್ಲಿ ಕುಳಿತಿತ್ತು, ಮುಂಗಾಲು ಜೋತಾಡುತ್ತಿತ್ತು. ಷಡ್ಡಕ ಮತ್ತೆ ಹೊಡೆದ. ಗುಂಡು ಪಕ್ಕದ ಮಣ್ಣಿಗೆ ಹೋಯಿತು. ಮುದುಕ ನನ್ನತ್ತ ನೋಡಿದ. ಜೀವವಿರುವ ಯಾವುದಕ್ಕೂ ಅಲ್ಲಿಯವರೆಗೆ ಗುರಿಯಿಟ್ಟವನಲ್ಲ ನಾನು. ನನ್ನ ರಿವಾಲ್ವರ್ ಎತ್ತಿ ಹೊಡೆದೆ, ಒಂದೇ ಗುಂಡಿಗೆ ಅದು ಒರಗಿತು.

ಮುದುಕ ಚರ್ಮ ಸುಲಿದು ಭುಜ ಬಿಡಿಸಿ ತೋರಿಸಿದ. ಬೂದುಬಣ್ಣದ ಚೂರುಗಳು ಮಾಂಸದಲ್ಲಿ ಚೆದುರಿದ್ದವು, ಒಂದೂ ಎದೆಗೆ ಇಳಿದಿರಲಿಲ್ಲ. ಈ ಗುಂಡು ಹೊಯ್ದವರು ಯಾರು ಎಂದು ಕೇಳಿದ. ಷಡ್ಡಕ ಹಿಂದೆಮುಂದೆ ನೋಡದೆ ನನ್ನತ್ತ ಕೈ ತೋರಿಸಿ ಇಂಗ್ಲಿಷಿನಲ್ಲಿ, ಅವು ಇವರ ಗ್ಯಾರೇಜಿನವು ಎಂದ.

ನನಗೆ ತಡೆಯಲಾಗಲಿಲ್ಲ. "ಒಡೀತದ ಅಂತ ನನಗ ಮೊದಲೇ ಗೊತ್ತಿತ್ತು. ಎಲುಬಿಗೆ ಹೊಡದು ನೋಡಿದ್ದೆ" ಎಂದು ಕನ್ನಡದಲ್ಲೇ ಹೇಳಿದೆ.

ಅವನು ನನ್ನತ್ತ ತಿರುಗಿದ. "ಟೆಸ್ಟ್ ಮಾಡಿದ್ರಾ? ಮತ್ಯಾಕೆ ಹೇಳ್ಲಿಲ್ಲ?"

"ಹೇಳಾಕ ಬಂದಿದ್ದೆ. ನಾಕು ಮಂದಿ ಮುಂದ ನಮ್ಮಪ್ಪನ್ನ ಆಡಿಕೊಂಡ್ರಿ."

"ನನ್ ಮೇಲಿನ ಸಿಟ್ಟಿಗೆ ಅದನ್ನ ಒಂದ್ ಗಂಟೆ ನರಳಿಸಿದ್ರಾ ಭಾವ?"

ಅವನು ಅಷ್ಟು ವರ್ಷಗಳಲ್ಲಿ ನನಗೆ ಆಡಿದ ನೂರು ಮಾತುಗಳಲ್ಲಿ ನಿಜವಾದದ್ದು ಅದೊಂದೇ. ನಿಜ ಹೇಳಿದವನು ಅವನೇ ಆದದ್ದಕ್ಕೆ ನನಗೆ ಅವನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು. ವಾಪಸು ಬರುವ ವಿಮಾನದಲ್ಲಿ ಪಕ್ಕಪಕ್ಕದ ಸೀಟು. ಅವನು ಕಿಟಕಿಗೆ ಮುಖ ಮಾಡಿ ಕೂತ, ನಾನು ಕಣ್ಣು ಮುಚ್ಚಿಕೊಂಡೆ. ಇಬ್ಬರಿಗೂ ನಿದ್ದೆ ಬಂದಿರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ, ಜೇಬಿನ ಚೂರುಗಳ ವಿಷಯವನ್ನೂ ಬಿಡಲಿಲ್ಲ. "ಅವ್ರು ಮಾತಿಲೆ ಕೆಟ್ಟವ್ರು. ನೀವು ಮಾತಾಡದ ಕೆಟ್ಟವ್ರು" ಎಂದು ಹೇಳಿ ಒಳಗೆ ಹೋದಳು. ಷಡ್ಡಕ ತನ್ನ ಕಡೆಯವರಲ್ಲೆಲ್ಲ ನಾನು ಬೇಕೆಂದೇ ಕೆಟ್ಟ ಗುಂಡು ಕೊಟ್ಟೆ ಎಂದು ಹೇಳಿಕೊಂಡು ತಿರುಗಿದ. ಅಲ್ಲ ಎಂದು ಹೇಳಲು ನಾನು ಯಾರ ಬಳಿಗೂ ಹೋಗಲಿಲ್ಲ.

ಎರಡು ತಿಂಗಳ ನಂತರ ನಾದಿನಿ ಬಂದಳು. ಗ್ಯಾರೇಜಿನಲ್ಲಿ ಉಳಿದಿದ್ದ ಗಂಡನ ಸಾಮಾನು ಬೇಕೆಂದಳು. ಅವನ ಅಚ್ಚು ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ರಸ್ತೆಯಲ್ಲಿ ಕಾರು ನಿಂತಿತ್ತು. ಅವನು ಸ್ಟಿಯರಿಂಗ್ ಹಿಡಿದು ನೇರ ಮುಂದೆ ನೋಡುತ್ತ ಕೂತಿದ್ದ, ಇಳಿಯಲಿಲ್ಲ. ನಾನು ಗ್ಯಾರೇಜಿನ ಬಾಗಿಲು ಇಳಿಸಿದೆ.