ದೊಡ್ಡದು ಮಾಡಿದ ದೀಪ

ಬ್ಯಾಡಗಿಯ ಗಂಗಾ ತನ್ನ ಗಂಡ ಪುಂಡಲೀಕನ ಮೇಲೆ ದಿನಾ ಸಿಡುಕುತ್ತಿದ್ದುದು ಬಚ್ಚಲಮನೆಯ ಗ್ಯಾಸ್ ಗೀಜರಿನ ಸಲುವಾಗಿ. ಹಳೇ ಕಾಲದ ಡಬ್ಬಿ ಅದು. ಅದರ ಹೊಟ್ಟೆಯೊಳಗೆ ಪೈಲಟ್ ಎಂಬ ಬೆರಳುದ್ದದ ಉರಿ ಇರಬೇಕು. ನಲ್ಲಿ ತಿರುವಿದಾಗ ಅದರಿಂದಲೇ ದೊಡ್ಡ ಉರಿ ಹತ್ತುತ್ತದೆ. ಜಳಕವಾದ ಮೇಲೂ ಮಹಾರಾಯ ಆ ಸಣ್ಣ ಉರಿಯನ್ನು ಹಾಗೇ ಬಿಟ್ಟು ಹೋಗುತ್ತಿದ್ದ.

"ದೀಪ ದೊಡ್ಡದು ಮಾಡಾಕ ಏನ್ ಧಾಡಿ ನಿಮಗ?" ಎಂದು ಇವಳು ಗೊಣಗಿದರೆ, "ನಾಳೆ ಮತ್ತ ನಾನ ಹಚ್ಚಬೇಕಲ್ಲ" ಎಂದು ಅವನು ನಗುತ್ತಿದ್ದ. ಆ ಮನೆಯಲ್ಲಿ ಯಾರೂ 'ಆರಿಸು' ಎನ್ನುತ್ತಿರಲಿಲ್ಲ. ದೀಪಕ್ಕೆ ಆ ಮಾತು ಕೆಡುಕೆಂದು, ಆರಿಸುವುದಕ್ಕೂ 'ದೊಡ್ಡದು ಮಾಡು' ಎಂದೇ ಅನ್ನುವುದು.

ಒಂದು ಶನಿವಾರ ಜಳಕ ಮಾಡಿ ಕದರಮಂಡಲಗಿ ಹನುಮಪ್ಪನಿಗೆಂದು ಹೊರಟವನು ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ. ಕಾರ್ಯ ಮುಗಿಸಿ ನೆಂಟರೆಲ್ಲ ಹೋದ ಮೇಲೆ ಗಂಗಾ ಬಚ್ಚಲಿಗೆ ಬಂದು ನೋಡುತ್ತಾಳೆ, ಗೀಜರಿನ ಸಣ್ಣ ಕಿಂಡಿಯೊಳಗೆ ನೀಲಿ ಉರಿ ಇನ್ನೂ ಇದೆ. ಅವನೇ ಹಚ್ಚಿದ್ದು.

ಅಂದಿನಿಂದ ಗ್ಯಾಸು ಉಳಿಯಲೆಂದು ತಾನು ತಣ್ಣೀರಿನ ಜಳಕ ಮಾಡಿದಳು. ಸಂಜೆ ಮುಂಜಾನೆ ಕಿಂಡಿಯ ಮುಂದೆ ಕೂತಳು. ಅದು ಇರುವ ತನಕ ಅವನು ಪೂರ್ತಿ ಹೋಗಿಲ್ಲ ಎಂಬುದು ಅವಳ ಲೆಕ್ಕ. ಹುಚ್ಚು ಎನ್ನುವವರು ಎನ್ನಲಿ, ನನಗಂತೂ ನಗು ಬರುವುದಿಲ್ಲ.

ಅವನು ಕುಸಿದ ದಿನದಿಂದ ಹದಿನೇಳನೆಯ ದಿನ ಉರಿ ಹಳದಿಯಾಗಿ ಕುಗ್ಗಿತು. ಪಕ್ಕದ ತಿರುಪನ್ನು ಕಾಲು ಸುತ್ತು ತಿರುವಿದರೆ ಏಳುತ್ತದೆ, ಗಂಡ ಮಾಡುವುದನ್ನು ಕಂಡಿದ್ದಳು. ಯಾವ ಕಡೆಗೆಂದು ಮಾತ್ರ ತಿಳಿಯದು. ತನ್ನ ಕೈಯಿಂದಲೇ ಹೋದೀತೆಂದು ಹೆದರಿ ಹಾವೇರಿಯ ಬುಡನಸಾಬರಿಗೆ ಫೋನ್ ಮಾಡಿದಳು. ಹಳೇ ಗೀಜರುಗಳನ್ನು ಬಲ್ಲ ಮೆಕ್ಯಾನಿಕ್ಕು ಈಗ ಅವರೊಬ್ಬರೇ.

ಬಂದವರು ಹಾರ ಹಾಕಿದ ಫೋಟೋದ ಮುಂದೆ ಒಂದು ಗಳಿಗೆ ತಲೆತಗ್ಗಿಸಿ ನಿಂತರು. ಬಚ್ಚಲಿಗೆ ಹೋಗಿ, "ಏನ್ ಮಾಡ್ಲಿ ಅಕ್ಕಾರ?" ಎಂದರು.

ಪರಪುರುಷನ ಮುಂದೆ ಅದನ್ನೆಲ್ಲ ಹೇಗೆ ಹೇಳುವುದು? "ದೀಪ ದೊಡ್ಡದು ಮಾಡ್ರಿ," ಎಂದಷ್ಟೇ ಹೇಳಿ ಚಹಾ ಇಡಲು ಒಳಗೆ ಹೋದಳು.

ಚಹಾ ಸೋಸುವಾಗ ಟಪ್ಪೆಂದು ಸದ್ದಾಯಿತು. ಬಂದು ನೋಡಿದರೆ ಕಿಂಡಿ ಕಪ್ಪಗಿತ್ತು.

"ಆತ್ರಿ ಅಕ್ಕಾರ," ಎಂದರು ಬುಡನಸಾಬರು ಮೆಲ್ಲಗೆ. "ಗ್ಯಾಸೂ ಬಂದ್ ಮಾಡೀನಿ. ಅವರ ಇಲ್ದಮ್ಯಾಲೆ ಇದು ಯಾಕ ಸುಮ್ನ ಉರೀಬೇಕು." ಮೂವತ್ತು ವರ್ಷ ಇಂಥ ಮನೆಗಳಲ್ಲೇ ಕೆಲಸ ಮಾಡಿದವರು. ದೀಪ ದೊಡ್ಡದು ಮಾಡಿರಿ ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸಣ್ಣ ಆಗಿತ್ರಿ," ಎಂದಳು ಗಂಗಾ. "ನಾ ಖರೇನ ದೊಡ್ಡದು ಮಾಡ್ರಿ ಅಂದಿದ್ದೆ. ಅದು ಅವರು ಹಚ್ಚಿದ್ದ ಉರಿ ರೀ."

ಬುಡನಸಾಬರ ಮುಖ ಬಿಳಿಚಿಕೊಂಡಿತು. ತಡಬಡಿಸಿ ಚೀಲದಲ್ಲಿ ಲೈಟರ್ ಹುಡುಕಿದರು. "ಮತ್ತ ಹಚ್ಚಿ ಕೊಡ್ತೇನ್ರಿ ಅಕ್ಕಾರ, ಲಗೂ ಆಗತೈತಿ."

"ಬ್ಯಾಡ್ರಿ. ಹಚ್ಚಿದ್ರ ಅದು ನಿಮ್ಮದಾಗತೈತಿ. ನಿಮ್ಮ ತಪ್ಪಲ್ರಿ ಸಾಬರ, ನನ್ನ ಬಾಯಿಂದನ ಬಂತು."

ಗೀಜರಿನ ತಗಡಿನ ಮೇಲೆ ಅಂಗೈ ಇಟ್ಟಳು. ಇನ್ನೂ ಬೆಚ್ಚಗಿತ್ತು. ತಣ್ಣಗಾಗುವ ತನಕ ತೆಗೆಯಲಿಲ್ಲ, ಬುಡನಸಾಬರೂ ಹೋಗಲಿಲ್ಲ. ಹದಿನೇಳು ದಿನ ಮಾತಾಡಿಸಲು ಬಂದ ಯಾರ ಮುಂದೆಯೂ ಆಡದಿದ್ದ ಮಾತು ಆಗ ಅವಳ ಬಾಯಿಂದ ಬಂತು.

"ಹೋದ್ರಲ್ರಿ, ನಮ್ಮನಿಯವರು."